ಕರಣಿಕನ ಲೇಖನಿಯೂ ಗಣಕಯಂತ್ರವೂ

ಕರ್ನಾಟಕದ ‘ಭೂಮಿ’ ಯೋಜನೆಯನ್ನು ಕುರಿತ ಚರ್ಚೆ ಬಹುಮಟ್ಟಿಗೆ ರೈತನ ಕಡೆಯಿಂದ ಹೊರಡುತ್ತದೆ. ಪಹಣಿ ಎಷ್ಟು ಬೇಗ ದೊರೆಯಿತು, ಲಂಚ ಎಷ್ಟು ತಗ್ಗಿತು ಎಂಬುವೇ ಅದರ ಮುಖ್ಯ ಪ್ರಶ್ನೆಗಳು. ಪ್ರಶ್ನೆಗಳು ನ್ಯಾಯವಾದುವೇ ಸರಿ. ಆದರೆ ಪಹಣಿಯನ್ನು ಬರೆಯುತ್ತಿದ್ದವನು ಏನಾದನೆಂದು ಕೇಳದ ವಿಮರ್ಶೆ ಅಪೂರ್ಣವೆಂದೇ ನಮ್ಮ ಅಭಿಪ್ರಾಯ.

ಈ ವೃತ್ತಿಯ ಚರಿತ್ರೆ ಅದರ ಹೆಸರುಗಳಲ್ಲಿಯೇ ಅಡಗಿದೆ. ಹಳೆಯ ಮಾತು ಕರಣಿಕ. ಮೈಸೂರು ಸೀಮೆಯಲ್ಲಿ ಶಾನುಭೋಗ. ನಿಜಾಮರ ಆಳ್ವಿಕೆಗೆ ಒಳಪಟ್ಟಿದ್ದ ಕಲಬುರಗಿ ಪ್ರಾಂತದಲ್ಲಿ ಕುಲಕರ್ಣಿ, ಪಟವಾರಿ. ಹುದ್ದೆ ವಂಶಪಾರಂಪರ್ಯವಾದುದು. 1961ರ ಗ್ರಾಮಾಧಿಕಾರಗಳ ರದ್ದಿಯಾತಿ ಶಾಸನವು ಆ ಹಕ್ಕನ್ನು ಕೊನೆಗಾಣಿಸಲು ಹೊರಟಿತು. ಅನಂತರ ಬಂದ ಗ್ರಾಮಲೆಕ್ಕಿಗನು ಸಂಬಳ ಪಡೆಯುವ, ವರ್ಗವಾಗಿ ಹೋಗುವ ನೌಕರ. ವಂಶ ಹೋಯಿತು, ಲೇಖನಿ ಉಳಿಯಿತು. ಊರು ಅಂಜುತ್ತಿದ್ದುದೂ ಆ ಲೇಖನಿಗೇ. ತಿದ್ದಿದ ಒಂದು ಅಕ್ಷರದಿಂದ ಒಡೆಯನು ಬದಲಾಗಬಹುದಾಗಿತ್ತು.

2000ದ ಸುಮಾರಿಗೆ ಕಾರ್ಯರೂಪಕ್ಕೆ ಬಂದ ‘ಭೂಮಿ’ ಆ ಲೇಖನಿಯನ್ನೂ ತೆಗೆದುಕೊಂಡಿತು. ಸುಮಾರು 2 ಕೋಟಿ ಪಹಣಿಗಳು ಗಣಕಯಂತ್ರವನ್ನು ಸೇರಿದುವು. ಕೈಬರಹದ ಪಹಣಿಯ ಮಾನ್ಯತೆ ತಪ್ಪಿತು. ತಾಲ್ಲೂಕು ಕೇಂದ್ರದಲ್ಲಿ 15 ರೂಪಾಯಿಗೆ ಅಚ್ಚಿನ ಪ್ರತಿ ದೊರೆಯತೊಡಗಿತು. ಗ್ರಾಮಲೆಕ್ಕಿಗರಲ್ಲಿಯೇ ಕೆಲವರು ತರಬೇತಿ ಹೊಂದಿ ಯಂತ್ರದ ಮುಂದೆ ಕುಳಿತರು. ಉಳಿದವರು ಹೊಲದ ವರ್ತಮಾನವನ್ನು ಒದಗಿಸುವವರಾದರು. ನೋಡುವುದೂ ಬರೆಯುವುದೂ ಒಂದೇ ಆಗಿದ್ದ ವೃತ್ತಿ ಹೀಗೆ ಎರಡಾಯಿತು.

ಕಲಬುರಗಿ ನಗರದ ಅಂಚಿನಲ್ಲಿರುವ ಕೋಟನೂರದಂತಹ ಊರಿಗೆ ಈ ಒಡಕು ಅಲ್ಪವಾದುದಲ್ಲ. ನಗರ ಬೆಳೆದು ಹೊಲಗಳು ನಿವೇಶನಗಳಾಗುವಲ್ಲಿ ಪಹಣಿಯ ಒಂದೊಂದು ಕಲಮಿಗೂ ಬೆಲೆಯುಂಟು. ಯಂತ್ರವು ತನಗೆ ಒಪ್ಪಿಸಿದುದನ್ನು ಕಾಪಾಡಬಲ್ಲುದು. ಒಪ್ಪಿಸಿದುದು ನಿಜವೇ ಎಂದು ಬದುವಿನ ಮೇಲೆ ನಿಂತು ನೋಡಲಾರದು.

2024ರ ನೇಮಕಾತಿಯಲ್ಲಿ ಇದೇ ಹುದ್ದೆಗೆ ‘ಗ್ರಾಮ ಆಡಳಿತ ಅಧಿಕಾರಿ’ ಎಂಬ ಹೆಸರಿತ್ತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಈ ಅಧಿಕಾರಿಗಳು ಮುಷ್ಕರ ಹೂಡಿದರು. ಮೊಬೈಲ್ ಆ್ಯಪ್‌ಗಳ ಹೊರೆ ಏರುತ್ತಿದೆ, ಅದಕ್ಕೆ ತಕ್ಕ ಸಲಕರಣೆಯಿಲ್ಲ ಎಂಬುದು ಅವರ ದೂರು. ಹೆಸರಿನಲ್ಲಿ ಅಧಿಕಾರವು ಬೆಳೆಯಿತು, ಕೈಯಲ್ಲಿ ಕುಗ್ಗಿತು. ಹೊಣೆ ಮಾತ್ರ ಇದ್ದಲ್ಲಿಯೇ ಉಳಿಯಿತು.

ಹಳೆಯ ಲೇಖನಿಯ ನಿರಂಕುಶತೆ ಮರಳಲಿ ಎಂದು ನಾವು ಬಯಸುವುದಿಲ್ಲ. ಅದನ್ನು ಕಟ್ಟಿಹಾಕಿದುದು ಯಂತ್ರದ ದೊಡ್ಡ ಉಪಕಾರ. ಆದರೆ ಆ ನಿರಂಕುಶತೆಯೊಡನೆ ಕರಣಿಕನ ತಿಳಿವಳಿಕೆಯನ್ನೂ ತಳ್ಳಿಬಿಟ್ಟರೆ ದಾಖಲೆ ಅಚ್ಚುಕಟ್ಟಾಗಿದ್ದೂ ಸುಳ್ಳಾಗಬಹುದು. ಹೊಲವನ್ನು ಕಂಡವನ ಮಾತಿಗೆ ದಾಖಲೆಯಲ್ಲಿ ಎಷ್ಟು ಸ್ಥಾನವಿದೆ ಎಂಬುದೂ ಯೋಜನೆಯ ಯಶಸ್ಸನ್ನು ಅಳೆಯುವ ಒಂದು ಮಾನದಂಡವಾಗಬೇಕು.