ಬಾಗಿಲುವಾಡದ ಕೆಳಗಿನ ಎರಡು ಅಂಗುಲ

ಚೆನ್ನೈನ ಹಳೇ ಮನೆಗಳಲ್ಲಿ ಮೊದಲು ಕೈಕೊಡುವುದು ಬಾಗಿಲುವಾಡದ ಬುಡ. ದಿನಾ ನೆಲ ಒರೆಸುವ ನೀರು, ಹೊಸ್ತಿಲು ತೊಳೆಯುವ ನೀರು, ಕಡಲ ತೇವ, ಅದರ ಹಿಂದೆಯೇ ಬರುವ ಗೆದ್ದಲು ಎಲ್ಲ ಸೇರಿ ವರ್ಷಗಟ್ಟಲೆ ಮಾಡುವ ಕೆಲಸವನ್ನು ನೆರೆ ನಾಲ್ಕು ದಿನದಲ್ಲಿ ಮುಗಿಸುತ್ತದೆ. 2015ರ ಡಿಸೆಂಬರಿನಲ್ಲಿ ಅಡ್ಯಾರ್ ನದಿ ಕೋಟ್ಟೂರುಪುರ, ಸೈದಾಪೇಟೆಯ ಮನೆಗಳ ಒಳಗೇ ನುಗ್ಗಿತು. 2023ರ ಡಿಸೆಂಬರಿನಲ್ಲಿ ಮಿಚಾಂಗ್ ಚಂಡಮಾರುತದ ಮಳೆಗೆ ವೇಳಚೇರಿ, ಪಳ್ಳಿಕರಣೆ ಮುಳುಗಿದವು. ಮೇಲಿನ ಬರ್ಮಾ ತೇಗ ಇನ್ನೂ ಎರಡು ತಲೆಮಾರು ಬಾಳೀತು. ಹಾಳಾದದ್ದು ಕೆಳಗಿನ ಎರಡು ಅಂಗುಲ ಮಾತ್ರ. ಅಷ್ಟಕ್ಕಾಗಿ ಇಡೀ ವಾಡ ಕಿತ್ತರೆ ಗೋಡೆಯ ಗಾರೆಯೂ ಹೋಯಿತು, ನೆಲದ ಮೊಸಾಯಿಕ್ಕೂ ಹೋಯಿತು.

ಇಂಥ ಜಾಗಕ್ಕೇ ಹೇಳಿ ಮಾಡಿಸಿದ್ದು ಮಲ್ಟಿ ಕಟರ್. ಅಂಗಡಿಯವರು ಇದೊಂದಿದ್ದರೆ ಬೇರೆ ಹತಾರವೇ ಬೇಡ ಎನ್ನುತ್ತಾರೆ, ನಂಬಬೇಡಿ. ಉದ್ದನೆಯ ಹಲಗೆ ಸೀಳಲು ಇದಕ್ಕಿಂತ ಸೋಮಾರಿ ಯಂತ್ರವಿಲ್ಲ. ಇದರ ಅಲಗು ಸುತ್ತುವುದಿಲ್ಲ. ಬೇಡ ಬೇಡ ಎಂದು ತಲೆಯಾಡಿಸುವವರ ಹಾಗೆ ಅತ್ತಿತ್ತ ಒಂದೆರಡು ಡಿಗ್ರಿಯಷ್ಟೇ ಆಡುತ್ತದೆ, ಆದರೆ ನಿಮಿಷಕ್ಕೆ 20,000 ಸಲದವರೆಗೆ. ಮೂಳೆ ಮುರಿದವರ ಪ್ಲಾಸ್ಟರ್ ಬಿಚ್ಚುವ ಗರಗಸದ್ದೂ ಇದೇ ನಡೆ: ಗಟ್ಟಿ ಪ್ಲಾಸ್ಟರ್ ಕತ್ತರಿಸಿಕೊಳ್ಳುತ್ತದೆ, ಮೆತ್ತನೆಯ ಚರ್ಮ ಅಲಗಿನ ಜೊತೆಗೇ ಆಡಿ ಪಾರಾಗುತ್ತದೆ. 1895ರಲ್ಲಿ ವಿದ್ಯುತ್ ಕೈ ಡ್ರಿಲ್ ಮಾಡಿದ ಜರ್ಮನಿಯ ಫೈನ್ ಕಂಪನಿ 1967ರಲ್ಲಿ ಇಂಥದೊಂದು ಪ್ಲಾಸ್ಟರ್ ಗರಗಸ ತಯಾರಿಸಿತು. ಬಡಗಿಯ ಕೈಗೆ ಅದು ಬಂದದ್ದು ಆಮೇಲೆ. ಹಾಗೆಂದು ಮನೆಯ ಮಲ್ಟಿ ಕಟರಿಗೆ ಬೆರಳು ಕೊಟ್ಟು ನೋಡಬೇಡಿ, ಇದರ ಹಲ್ಲು ಬೇರೆ.

ಗಾರೆಯವರ ಕಟಿಂಗ್ ಮೆಷಿನ್ನಿಗೆ ನಾಲ್ಕಂಗುಲದ ದುಂಡು ಬಿಲ್ಲೆ. ಅದು ನೆಲದ ಮಟ್ಟಕ್ಕೆ ಮಲಗದು, ಮೂಲೆಗೆ ತಲುಪದು. ಮಲ್ಟಿ ಕಟರಿನ ಚಪ್ಪಟೆ ಅಲಗು ನೆಲಕ್ಕೆ ಒರಗಿಯೇ ಕೊಯ್ಯುತ್ತದೆ. ಮೊಸಾಯಿಕ್ ಮೇಲೆ ಲ್ಯಾಮಿನೇಟ್ ಹಾಸುವವರು ವಾಡದ ಸುತ್ತ ಹಲಗೆಯನ್ನು ಅಂಕುಡೊಂಕಾಗಿ ಕತ್ತರಿಸಿ, ಸಂದಿಗೆ ಸಿಲಿಕೋನ್ ಮೆತ್ತಿ ಹೋಗುತ್ತಾರಲ್ಲ, ನೋಡಲಾಗದು. ಹಾಸುವ ಹಲಗೆಯದೇ ಒಂದು ತುಂಡನ್ನು, ಅಡಿಯ ಫೋಮ್ ಸಮೇತ, ವಾಡಕ್ಕೆ ಒತ್ತಿ ಇಡಿ. ಅದರ ಮೇಲೆ ಅಲಗು ಮಲಗಿಸಿ ಮರ ಕೊಯ್ದರೆ ಹೊಸ ಹಲಗೆ ಬುಡದಡಿ ನುಸುಳುತ್ತದೆ. ಲ್ಯಾಮಿನೇಟ್ ಉಬ್ಬಲೆಂದು ಸುತ್ತ ಬಿಡಬೇಕಾದ ಎಂಟು-ಹತ್ತು ಮಿಲಿಮೀಟರ್ ಜಾಗವೂ ಅಲ್ಲೇ ಮರೆಯಾಗುತ್ತದೆ. ಈ ಊರಿನ ಸೆಕೆಗೆ ಆ ಜಾಗ ಬಿಡದೆ ಗತ್ಯಂತರವಿಲ್ಲ.

ಕೊಳೆತ ಬುಡಕ್ಕೂ ಇದೇ ಉಪಾಯ, ಆದರೆ ಗಟ್ಟಿ ಮರ ಸಿಗುವವರೆಗೆ ಮೇಲಕ್ಕೆ ಹೋಗಬೇಕು. ವಾಡ ನಿಂತಿರುವುದು ಗೋಡೆಗೆ ಹೂತ ಹೋಲ್ಡ್‌ಫಾಸ್ಟ್‌ಗಳ ಬಲದಲ್ಲಿ. ಅವು ಭದ್ರವಿದ್ದರೆ ಬುಡ ಕೊಯ್ದರೂ ಬಾಗಿಲು ಜಗ್ಗದು. ಸಡಿಲವಾಗಿದ್ದರೆ ಮೊದಲು ಆಚಾರಿಯನ್ನು ಕರೆಸಿ. ಕೊಯ್ದ ಜಾಗಕ್ಕೆ ತೇಗದ ತುಂಡು ಕೂರಿಸುವುದು ವಾಡಿಕೆ. ಬಚ್ಚಲ ಬಾಗಿಲಾದರೆ ನನ್ನ ಓಟು ಗ್ರಾನೈಟ್ ತುಂಡಿಗೆ: ಅದು ಕೊಳೆಯದು, ಗೆದ್ದಲಿಗೂ ರುಚಿಸದು.

ತೇಗದಲ್ಲಿ ಸಿಲಿಕಾ ಇರುವುದರಿಂದ ಅಗ್ಗದ ಅಲಗು ಬೇಗ ಮೊಂಡಾಗುತ್ತದೆ. ಹಳೇ ವಾಡದೊಳಗೆ ಎಲ್ಲೋ ಒಂದು ಮೊಳೆಯೂ ಕಾದಿರುತ್ತದೆ. ಮೊಳೆಯ ಅನುಮಾನವಿದ್ದಲ್ಲಿ ಬೈಮೆಟಲ್ ಅಥವಾ ಕಾರ್ಬೈಡ್ ಅಲಗೇ ಇರಲಿ. ಹೊಗೆಯ ವಾಸನೆ ಬಂತೆಂದರೆ ನೀವು ಒತ್ತುತ್ತಿದ್ದೀರಿ. ಕೈ ಸಡಿಲಿಸಿ, ಪುಡಿ ಹೊರಬರಲು ಬಿಡಿ. ಒಡೆದ ಒಂದೇ ಸ್ಕರ್ಟಿಂಗ್ ಟೈಲನ್ನು ಪಕ್ಕದವಕ್ಕೆ ಏಟಾಗದಂತೆ ಬಿಡಿಸಬೇಕಿದ್ದರೆ ಸಂದಿನ ಗ್ರೌಟ್ ಕೆರೆಯುವ ಬೇರೆ ಅಲಗಿದೆ. ಆ ದೂಳು ಶ್ವಾಸಕೋಶಕ್ಕೆ ಕೆಟ್ಟದ್ದು, ಎನ್95 ಮಾಸ್ಕ್ ಹಾಕಿಕೊಳ್ಳಿ.

ಬ್ರಾಡ್‌ವೇ ಬಳಿಯ ಲಿಂಗಿ ಚೆಟ್ಟಿ ಬೀದಿಗೆ ಅಲಗು ಕೊಳ್ಳಲು ಹೋಗುವಾಗ ಹಳೇ ಅಲಗನ್ನು ಜೊತೆಗೆ ಒಯ್ಯಿರಿ. ಬಾಷ್ ಮತ್ತು ಫೈನ್ ಸೇರಿ ತಂದ ಸ್ಟಾರ್‌ಲಾಕ್ ಹಿಡಿತದ ಅಲಗು ಎಲ್ಲ ಯಂತ್ರಕ್ಕೂ ಕೂರದು.