ಬಿಚ್ಚಲು ಬರುವ ಲ್ಯಾಪ್‌ಟಾಪ್

ಮನೆಬಳಕೆಗೆ ಕಡಿಮೆ ಬೆಲೆಯ ಲ್ಯಾಪ್‌ಟಾಪ್ ಆರಿಸಿಕೊಳ್ಳುವ ಬಗೆಗೆ ಸಿಗುವ ಸಲಹೆಗಳಲ್ಲಿ ಬಹುಪಾಲು ಮಹಾನಗರದ ಗ್ರಾಹಕರನ್ನು ಮನಸ್ಸಿನಲ್ಲಿಟ್ಟುಕೊಂಡು ಹೇಳಿದಂಥವು; ಕರೆಂಟು ಸದಾ ಇರುತ್ತದೆ, ಇಂಟರ್‌ನೆಟ್ ಕಡಿಯುವುದಿಲ್ಲ, ಯಂತ್ರ ಕೆಟ್ಟರೆ ಕಂಪನಿಯ ಸರ್ವಿಸ್ ಸೆಂಟರ್‌ಗೆ ಆಟೊದಲ್ಲಿ ಹೋಗಿಬರಬಹುದು ಎಂಬ ಮೂರು ನಂಬಿಕೆಗಳ ಮೇಲೆ ಅವು ನಿಂತಿರುತ್ತವೆ. ಚಾಮರಾಜನಗರ ಜಿಲ್ಲೆಯ ಕೊಳ್ಳೇಗಾಲ, ಹನೂರು, ಯಳಂದೂರು ತಾಲ್ಲೂಕುಗಳಲ್ಲಿ ಈ ಮೂರರಲ್ಲಿ ಒಂದನ್ನೂ ಖಾತರಿಯಾಗಿ ಹೇಳಲಾಗದು. ಪಟ್ಟಣದ ಅಂಗಡಿಗಳಲ್ಲಿ ಸಣ್ಣಪುಟ್ಟ ರಿಪೇರಿ ನಡೆಯುತ್ತದಾದರೂ ಮದರ್‌ಬೋರ್ಡ್ ಬದಲಿಸುವಂಥ ಕೆಲಸ ಬಂದರೆ ಸುಮಾರು 60 ಕಿಲೊಮೀಟರ್ ದೂರದ ಮೈಸೂರಿನ ಕಡೆಗೇ ಮುಖ ಮಾಡಬೇಕಾಗುತ್ತದೆ. ಆದುದರಿಂದ ಈ ಸೀಮೆಯ ಮಟ್ಟಿಗೆ ಅಗ್ಗದ ಲ್ಯಾಪ್‌ಟಾಪ್ ಎಂದರೆ ಕೊಳ್ಳುವ ದಿನ ಕಡಿಮೆ ಹಣ ಕೇಳುವ ಯಂತ್ರವಲ್ಲ. ತಳದ ಮುಚ್ಚಳ ಬಿಚ್ಚಿ, ಸವೆದ ಭಾಗವನ್ನು ಊರಿನಲ್ಲೇ ಬದಲಿಸಿಕೊಂಡು, ಐದಾರು ವರ್ಷ ಬಾಳಿಸಬಹುದಾದ ಯಂತ್ರ.

ಆಯ್ಕೆಗೆ ಮುನ್ನ ಮನೆಯಲ್ಲಿ ಆಗಬೇಕಾದ ಕೆಲಸವನ್ನು ಗುರುತಿಸಿಕೊಳ್ಳುವುದು ಒಳಿತು. ಪಹಣಿ ನೋಡುವುದು, ಹಣ ಕಳಿಸುವುದು, ವಾಟ್ಸ್‌ಆ್ಯಪ್‌ನಲ್ಲಿ ಮಾತಾಡುವುದು ಮೊಬೈಲಿನಲ್ಲೇ ಮುಗಿಯುತ್ತವೆ. ಪದವಿ ವಿದ್ಯಾರ್ಥಿಯ ಪ್ರಾಜೆಕ್ಟ್ ವರದಿ, ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಸೀಟು ಹಂಚಿಕೆಯಲ್ಲಿ ನೂರಾರು ಕಾಲೇಜುಗಳ ಪಟ್ಟಿಯನ್ನು ಆದ್ಯತೆಯ ಕ್ರಮದಲ್ಲಿ ಜೋಡಿಸುವುದು, ರೇಷ್ಮೆ ಸೀರೆ ವ್ಯಾಪಾರಿಯ ದಾಸ್ತಾನು ಲೆಕ್ಕ ಮತ್ತು ಜಿಎಸ್‌ಟಿ ವಿವರ, ಶಿಕ್ಷಕರ ಅಂಕಪಟ್ಟಿ ಇಂಥವುಗಳಿಗೆ ಮಾತ್ರ ದೊಡ್ಡ ಪರದೆ ಮತ್ತು ನಿಜವಾದ ಕೀಲಿಮಣೆ ಬೇಕು. ಇವುಗಳಲ್ಲಿ ಯಾವುದೂ ದುಬಾರಿ ಗ್ರಾಫಿಕ್ಸ್ ಚಿಪ್ಪನ್ನು ಬೇಡುವುದಿಲ್ಲ. ಅಂಥ ಚಿಪ್ಪಿಗೆ ಕೊಡುವ ಹಣ ಮನೆಬಳಕೆಯಲ್ಲಿ ವ್ಯರ್ಥ.

ಅಂಗಡಿಯಲ್ಲಿ ಮೊದಲು ಕಣ್ಣಿಗೆ ಬೀಳುವುದು ಪ್ರೊಸೆಸರ್ ಹೆಸರಿನ ಸ್ಟಿಕರ್. ಪ್ರೊಸೆಸರ್ ಎಂದರೆ ಲೆಕ್ಕವನ್ನೆಲ್ಲ ಮಾಡುವ ಮುಖ್ಯ ಚಿಪ್; ಅದರ ಹೆಸರಿನ ಮುಂದಿರುವ ಅಂಕಿಗಳನ್ನು ಓದಲು ಕಲಿತವರು ಮಾರಾಟಗಾರರ ಮಾತಿಗೆ ಮರುಳಾಗುವುದಿಲ್ಲ. ಉದಾಹರಣೆಗೆ ರೈಜನ್ 3 7320ಯು ಎಂಬ ಹೆಸರಿನಲ್ಲಿ ಮೊದಲ ಅಂಕಿ 7 ಎಂಬುದು 2023ರ ಸರಣಿಯನ್ನು, ಎರಡನೆಯ 3 ದರ್ಜೆಯನ್ನು, ಮೂರನೆಯ 2 ಒಳಗಿನ ವಿನ್ಯಾಸದ ತಲೆಮಾರನ್ನು ಸೂಚಿಸುತ್ತವೆ. ಅಂದರೆ ಹೆಸರು 2023ರದ್ದಾದರೂ ಒಳಗಿರುವುದು 2019ರಲ್ಲಿ ಮೊದಲು ಬಂದ ಝೆನ್ 2 ವಿನ್ಯಾಸ. ಇಂಟೆಲ್ ಕಡೆಯಲ್ಲಿ ಐ3-1215ಯು ಎಂಬುದರ ಮೊದಲ ಎರಡು ಅಂಕಿಗಳು 12ನೇ ತಲೆಮಾರನ್ನು ಹೇಳುತ್ತವೆ, ಅದರಲ್ಲಿ ವೇಗದ ಎರಡು ಮತ್ತು ಮಿತವ್ಯಯದ ನಾಲ್ಕು ಕೋರ್‌ಗಳಿವೆ. ಐ3-ಎನ್305 ಎಂಬುದಕ್ಕೂ ಐ3 ಎಂಬ ಹೆಸರೇ ಇದ್ದರೂ ಅದರ ಎಂಟು ಕೋರ್‌ಗಳೂ ಮಿತವ್ಯಯದವು. 13ನೇ ತಲೆಮಾರಿನ ಐ3-1315ಯು ಕೂಡ ಕೋರ್‌ಗಳ ರಚನೆಯಲ್ಲಿ 1215ಯು ಇದ್ದಂತೆಯೇ ಇರುವುದರಿಂದ, ಹೊಸ ಅಂಕಿಗಾಗಿ ಹೆಚ್ಚು ಬೆಲೆ ತೆರಬೇಕಾಗಿಲ್ಲ. ಎರಡೇ ಕೋರ್‌ಗಳಿರುವ ಹಳೆಯ ಸೆಲೆರಾನ್ ಎನ್4020ರಂಥ ಚಿಪ್ಪುಗಳನ್ನು ಎಷ್ಟೇ ಅಗ್ಗವಾದರೂ ಕೈಬಿಡುವುದೇ ಜಾಣತನ.

ಪ್ರೊಸೆಸರ್‌ಗಿಂತಲೂ ದಿನನಿತ್ಯದ ಅನುಭವವನ್ನು ನಿರ್ಧರಿಸುವುದು ರ‍್ಯಾಮ್, ಅಂದರೆ ಕೆಲಸ ನಡೆಯುತ್ತಿರುವಾಗ ಮಾಹಿತಿಯನ್ನು ತಾತ್ಕಾಲಿಕವಾಗಿ ಹಿಡಿದಿಡುವ ಸ್ಮೃತಿ. ವಿಂಡೋಸ್ 11ಕ್ಕೆ ಕನಿಷ್ಠ 4 ಜಿಬಿ ಸಾಕೆಂದು ತಯಾರಕರೇ ಹೇಳುತ್ತಾರಾದರೂ ಅದರ ಬಹುಭಾಗವನ್ನು ವಿಂಡೋಸೇ ಬಳಸಿಕೊಳ್ಳುವುದರಿಂದ, ಬ್ರೌಸರ್‌ನಲ್ಲಿ ನಾಲ್ಕಾರು ಪುಟ ತೆರೆಯುವಷ್ಟರಲ್ಲಿ ಯಂತ್ರ ತೆವಳತೊಡಗುತ್ತದೆ. ಆದ್ದರಿಂದ 8 ಜಿಬಿಗಿಂತ ಕಡಿಮೆ ಇರುವುದನ್ನು ಕೊಳ್ಳಬಾರದು. ಇಲ್ಲಿ ಕೇಳಲೇಬೇಕಾದ ಪ್ರಶ್ನೆ ಈ ರ‍್ಯಾಮ್ ಬೋರ್ಡಿಗೆ ಬೆಸುಗೆ ಹಾಕಿದ್ದೋ, ಸ್ಲಾಟ್‌ನಲ್ಲಿ ಕೂರಿಸಿದ್ದೋ ಎಂಬುದು. ಮೇಲೆ ಹೇಳಿದ 7320ಯು ಚಿಪ್ ಬೆಸುಗೆ ಹಾಕುವ ಬಗೆಯ ಮೆಮೊರಿಯನ್ನಷ್ಟೇ ಬಳಸುತ್ತದೆ, ಹಾಗಾಗಿ 8 ಜಿಬಿಯೊಂದಿಗೆ ಕೊಂಡ ಯಂತ್ರ ಕೊನೆಯವರೆಗೂ 8 ಜಿಬಿಯದೇ. ಅಂಗಡಿಯಲ್ಲಿ ಚಾಲೂ ಮಾಡಿಟ್ಟ ಯಂತ್ರದ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆದುಕೊಳ್ಳುತ್ತದೆ. ಅದರ ಮೆಮೊರಿ ಪುಟದಲ್ಲಿ ಎಷ್ಟು ಸ್ಲಾಟ್‌ಗಳ ಪೈಕಿ ಎಷ್ಟು ತುಂಬಿವೆ ಎಂಬುದು ಸಾಮಾನ್ಯವಾಗಿ ಬರೆದಿರುತ್ತದೆ. ಬೆಸುಗೆ ಹಾಕಿದ ಮೆಮೊರಿಯನ್ನೂ ಕೆಲವು ಯಂತ್ರಗಳು ಸ್ಲಾಟ್ ಎಂದೇ ತೋರಿಸುವುದುಂಟಾದುದರಿಂದ, ಮಾದರಿಯ ಸಂಖ್ಯೆ ಹಿಡಿದು ತಯಾರಕರ ವಿವರಪಟ್ಟಿಯಲ್ಲೂ ತಾಳೆ ನೋಡಬೇಕು. 2025ರ ಕೊನೆಯ ತಿಂಗಳುಗಳಿಂದ ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳ ಬೇಡಿಕೆಯಿಂದಾಗಿ ಮೆಮೊರಿ ಚಿಪ್ಪುಗಳ ಬೆಲೆ ಜಗತ್ತಿನೆಲ್ಲೆಡೆ ಏರಿತು. ಸ್ಲಾಟ್ ಇರುವ ಯಂತ್ರವಾದರೆ 8 ಜಿಬಿಯಲ್ಲಿ ಆರಂಭಿಸಿ, ಬೆಲೆ ಇಳಿದಾಗ ಇನ್ನೊಂದು 8 ಜಿಬಿ ಸೇರಿಸಿಕೊಳ್ಳುವ ದಾರಿ ತೆರೆದಿರುತ್ತದೆ.

ಕಡತಗಳನ್ನು ಕಾಯಮ್ಮಾಗಿ ಇಡುವ ಜಾಗಕ್ಕೂ ಇದೇ ಅಳತೆಗೋಲು ಅನ್ವಯಿಸುತ್ತದೆ. ತಿರುಗುವ ಹಾರ್ಡ್ ಡಿಸ್ಕ್‌ನ ಕಾಲ ಮುಗಿಯಿತು. ಈಗ ಮುಂದಿರುವ ಆಯ್ಕೆಗಳು ಬೋರ್ಡಿಗೇ ಅಂಟಿಕೊಂಡಿರುವ ಇಎಂಎಂಸಿ ಮತ್ತು ಬೇರ್ಪಡಿಸಬಹುದಾದ ಎಸ್‌ಎಸ್‌ಡಿ. ಮೊದಲನೆಯದು ಮೊಬೈಲಿನ ಒಳಗಿರುವ ಸಂಗ್ರಹದ ಜಾತಿಗೆ ಸೇರಿದ್ದು, ನಿಧಾನ. ಅದು ಕೆಟ್ಟರೆ ಬೋರ್ಡೇ ಕೆಟ್ಟಂತೆ. 2023ರ ಆಗಸ್ಟ್‌ನಲ್ಲಿ 16,499 ರೂಪಾಯಿಗೆ ಮಾರುಕಟ್ಟೆಗೆ ಬಂದ ಜಿಯೊಬುಕ್‌ನಲ್ಲಿ 4 ಜಿಬಿ ರ‍್ಯಾಮ್, 64 ಜಿಬಿ ಇಎಂಎಂಸಿ ಇತ್ತು. ಶಾಲಾ ಮಕ್ಕಳ ಪಾಠಕ್ಕೆ ಅದು ಸಾಕಾದೀತಾದರೂ ಮನೆಮಂದಿಯ ಪೂರ್ಣಪ್ರಮಾಣದ ಯಂತ್ರವೆಂದು ಅದನ್ನು ಎಣಿಸಲಾಗದು. ಎಂ.2 ಎಂಬ ಸ್ಲಾಟ್‌ನಲ್ಲಿ ಕೂರುವ ಎನ್‌ವಿಎಂಇ ಎಸ್‌ಎಸ್‌ಡಿಯನ್ನಾದರೆ ತಳದ ಮುಚ್ಚಳ ಬಿಚ್ಚಿದ ಮೇಲೆ ಒಂದೇ ಸ್ಕ್ರೂ ತೆಗೆದು ಬದಲಿಸಬಹುದು. 512 ಜಿಬಿ ಎಂದು ಬರೆದದ್ದು ವಿಂಡೋಸ್‌ನಲ್ಲಿ 476 ಎಂದು ಕಂಡರೆ ಅದು ಮೋಸವಲ್ಲ. ತಯಾರಕರು ಸಾವಿರದ ಲೆಕ್ಕದಲ್ಲಿ, ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುವುದರಿಂದ ಆಗುವ ವ್ಯತ್ಯಾಸ ಅದು.

ಉತ್ತಮ ಪರದೆಯನ್ನೇ ಆರಿಸಿಕೊಳ್ಳಲು ಕೊಳ್ಳೇಗಾಲದವರಿಗೆ ಎರಡು ವಿಶೇಷ ಕಾರಣಗಳಿವೆ. ಸೀರೆ ಕೊಳ್ಳುವಾಗ ಸೆರಗಿನ ಸೊಗಸಿಗೆ ಸೋಲದೆ ಒಡಲನ್ನೂ ಮುಟ್ಟಿ ನೋಡುವ ಊರಿದು. ಇಲ್ಲಿನ ಸೀರೆಗಳ ಚಿತ್ರ ಈಗ ಗಿರಾಕಿಗೆ ಪರದೆಯ ಮೂಲಕವೇ ತಲುಪುತ್ತದೆ. ಕಡಿಮೆ ಬೆಲೆಯ ಲ್ಯಾಪ್‌ಟಾಪ್‌ಗಳ ವಿವರಪಟ್ಟಿಯಲ್ಲಿ ಕಾಣುವ ಶೇಕಡಾ 45 ಎನ್‌ಟಿಎಸ್‌ಸಿ ಎಂಬುದು ಪರದೆ ತೋರಬಲ್ಲ ಬಣ್ಣಗಳ ವ್ಯಾಪ್ತಿಯ ಅಳತೆ. ಈ ಮಟ್ಟದ ಪರದೆಯಲ್ಲಿ ಗಾಢ ಕೆಂಪು ಮಾಸಿ, ಅರಗಿನ ಬಣ್ಣಕ್ಕೂ ಇಟ್ಟಿಗೆ ಬಣ್ಣಕ್ಕೂ ಇರುವ ಅಂತರ ಕಿರಿದಾಗುತ್ತದೆ, ಜರಿಯ ಹೊಳಪು ಸಪ್ಪೆಯಾಗುತ್ತದೆ. ಸೀರೆ ವ್ಯಾಪಾರಕ್ಕೆ ಬಳಸುವವರು ಇದಕ್ಕಿಂತ ಹೆಚ್ಚಿನ ಬಣ್ಣವ್ಯಾಪ್ತಿಯ ಐಪಿಎಸ್ ಪರದೆಯನ್ನು, ಅಂದರೆ ಬದಿಯಿಂದ ನೋಡಿದರೂ ಬಣ್ಣ ಕೆಡದ ಬಗೆಯನ್ನು, ಕೇಳಿ ಪಡೆಯಬೇಕು. ಎರಡನೆಯ ಕಾರಣ ಕನ್ನಡ ಲಿಪಿ. 15.6 ಅಂಗುಲದ ಪರದೆಯಲ್ಲಿ 1366×768 ಬಿಂದುಗಳಿದ್ದರೆ ಅಂಗುಲಕ್ಕೆ ಸುಮಾರು 100 ಬಿಂದುಗಳು, 1920×1080 ಇದ್ದರೆ ಸುಮಾರು 141. ಇಂಗ್ಲಿಷ್ ಅಕ್ಷರಕ್ಕೆ ಮೊದಲನೆಯದು ಸಾಲಬಹುದು, ಆದರೆ ಅಕ್ಷರದ ಕೆಳಗೆ ಚಿಕ್ಕದಾಗಿ ಕೂರುವ ಒತ್ತಕ್ಷರಗಳು ಅದರಲ್ಲಿ ಕಲಸಿಹೋಗಿ ಕಣ್ಣಿಗೆ ಆಯಾಸವಾಗುತ್ತದೆ. ಕನ್ನಡದಲ್ಲಿ ಓದಿ ಬರೆಯುವ ಮನೆಗೆ ಎರಡನೆಯದೇ, ಅಂದರೆ ಫುಲ್ ಎಚ್‌ಡಿಯೇ, ಕನಿಷ್ಠ.

1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಕಳಿಸಿದ ಶಿವನಸಮುದ್ರ ಪಕ್ಕದಲ್ಲೇ ಇದ್ದರೂ ಈ ಸೀಮೆಯ ಹಳ್ಳಿಗಳಲ್ಲಿ ಕರೆಂಟು ಹೋಗಿ ಬರುವುದು ಹೊಸ ಮಾತಲ್ಲ. ಲ್ಯಾಪ್‌ಟಾಪ್‌ನ ಅಡಾಪ್ಟರ್ ಮೇಲೆ ಇನ್‌ಪುಟ್ 100–240 ವೋಲ್ಟ್ ಎಂದು ಮುದ್ರಿತವಾಗಿರುವುದರಿಂದ ವೋಲ್ಟೇಜ್ ಕುಸಿತಕ್ಕೆ ಹೆದರಬೇಕಾಗಿಲ್ಲ. ಹೆದರಬೇಕಾದ್ದು ಕರೆಂಟು ಮರಳಿ ಬರುವ ಕ್ಷಣದ ಏರಿಕೆಗೆ ಮತ್ತು ಅರ್ಥಿಂಗ್ ಇಲ್ಲದ ಪ್ಲಗ್ಗಿಗೆ. ಬ್ಯಾಟರಿಯ ಸಾಮರ್ಥ್ಯವನ್ನು ವ್ಯಾಟ್-ಅವರ್‌ನಲ್ಲಿ ಹೇಳುತ್ತಾರೆ. 41 ವ್ಯಾಟ್-ಅವರ್ ಬ್ಯಾಟರಿಯ ಯಂತ್ರ ಸಾಧಾರಣ ಕೆಲಸಕ್ಕೆ ಗಂಟೆಗೆ 8 ವ್ಯಾಟ್-ಅವರ್ ಬಳಸಿದರೆ ಐದು ಗಂಟೆ ನಡೆಯುತ್ತದೆ, ಜಾಹೀರಾತು ಹತ್ತು ಗಂಟೆ ಎಂದರೂ ಲೆಕ್ಕ ಇಷ್ಟೇ. ಲಿಥಿಯಂ ಬ್ಯಾಟರಿಯನ್ನು ಸವೆಸುವ ಎರಡು ಶತ್ರುಗಳು ಬಿಸಿ ಮತ್ತು ಸದಾ ನೂರಕ್ಕೆ ನೂರು ತುಂಬಿದ ಸ್ಥಿತಿ. ಹಲವು ಕಂಪನಿಗಳ ಯಂತ್ರಗಳಲ್ಲಿ ಚಾರ್ಜನ್ನು ಶೇಕಡಾ 80ಕ್ಕೆ ನಿಲ್ಲಿಸುವ ಸೌಲಭ್ಯವಿದೆ, ಮೇಜಿನ ಮೇಲೆಯೇ ಇಟ್ಟು ಬಳಸುವವರು ಅದನ್ನು ಚಾಲೂ ಮಾಡಿಕೊಳ್ಳಬೇಕು. ಟೈಪ್-ಸಿ ಕಿಂಡಿಯಿಂದಲೂ ಚಾರ್ಜ್ ಆಗುವ ಮಾದರಿ ಸಿಕ್ಕರೆ ಅಡಾಪ್ಟರ್ ಕೆಟ್ಟಾಗ ಪರದಾಟ ತಪ್ಪುತ್ತದೆ.

ಮಲೆ ಮಹದೇಶ್ವರ ಬೆಟ್ಟದ ಸುತ್ತಲ ಕಾಡಂಚಿನ ಊರುಗಳಲ್ಲೂ ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಪೋಡುಗಳೆಂಬ ಹಾಡಿಗಳಲ್ಲೂ ಮೊಬೈಲ್ ಸಿಗ್ನಲ್ ದುರ್ಬಲವಾಗಿರುವೆಡೆ ಇಂಟರ್‌ನೆಟ್ಟನ್ನೇ ನೆಚ್ಚಿದ ಯಂತ್ರಗಳು ಅರ್ಧ ಬಲದಲ್ಲೇ ನಿಲ್ಲುತ್ತವೆ. ಕ್ರೋಮ್‌ಬುಕ್ ಎಂಬ ವರ್ಗ ಗೂಗಲ್‌ನ ಸೇವೆಗಳನ್ನು ಕೇಂದ್ರವಾಗಿಟ್ಟುಕೊಂಡು ರೂಪುಗೊಂಡದ್ದು. ಅದು ಗಟ್ಟಿಮುಟ್ಟು, ಮಿತವ್ಯಯಿ, ಆದರೆ ಸಂಪರ್ಕ ಕಡಿದಾಗ ಅದರ ಉಪಯೋಗ ಬಹಳಷ್ಟು ಕುಗ್ಗುತ್ತದೆ. ಪಾಠದ ವಿಡಿಯೊಗಳನ್ನು ಕಾಲೇಜಿನಲ್ಲೋ ಪಟ್ಟಣದಲ್ಲೋ ಇಳಿಸಿಕೊಂಡು ಮನೆಯಲ್ಲಿ ನೋಡಬೇಕಾದ ವಿದ್ಯಾರ್ಥಿಗೆ ಒಳಗೇ ಸಾಕಷ್ಟು ಜಾಗವಿರುವ ಸಾಮಾನ್ಯ ಲ್ಯಾಪ್‌ಟಾಪೇ ಹೆಚ್ಚು ಒದಗುತ್ತದೆ.

ಕನ್ನಡ ಬರವಣಿಗೆಗೆ ಹೆಚ್ಚುವರಿ ಖರ್ಚಿಲ್ಲ. ವಿಂಡೋಸ್‌ನಲ್ಲಿಯೇ ಇನ್‌ಸ್ಕ್ರಿಪ್ಟ್ ಮತ್ತು ಧ್ವನ್ಯನುಸಾರಿ ಎಂಬ ಎರಡು ಕನ್ನಡ ಕೀಲಿಮಣೆಗಳಿವೆ, ಕೆ.ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ ಕೀಲಿಮಣೆಗೆ ಒಗ್ಗಿದವರು ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶವನ್ನು ಉಚಿತವಾಗಿ ಹಾಕಿಕೊಳ್ಳಬಹುದು. ವಿಂಡೋಸ್ ಇಲ್ಲದೆ, ಡಾಸ್ ಎಂಬ ಹೆಸರಿನಲ್ಲಿ ಮಾರುವ ಯಂತ್ರಗಳು ಕೆಲವು ಸಾವಿರ ಅಗ್ಗವಾಗಿರುತ್ತವೆ. ಉಬುಂಟು ಅಥವಾ ಲಿನಕ್ಸ್ ಮಿಂಟ್ ಎಂಬ ಉಚಿತ ಕಾರ್ಯವ್ಯವಸ್ಥೆಯನ್ನು ಹಾಕಿಕೊಡಬಲ್ಲವರು ಪರಿಚಯದಲ್ಲಿದ್ದರೆ ಮಾತ್ರ ಅವು ಲಾಭದ ಖರೀದಿ. ಕಳ್ಳ ವಿಂಡೋಸ್ ಹಾಕಿಸಿಕೊಳ್ಳುವುದು ಕಾನೂನುಬಾಹಿರವಷ್ಟೇ ಅಲ್ಲ, ಬ್ಯಾಂಕಿನ ಪಾಸ್‌ವರ್ಡನ್ನು ಅಪರಿಚಿತರ ಕೈಗೆ ಕೊಡುವ ದಾರಿಯೂ ಆಗಬಹುದು. ಆಫೀಸ್ ತಂತ್ರಾಂಶ ಜೊತೆಗೆ ಬರುತ್ತದೆಂದು ಹೇಳಿದರೆ ಅದು ಶಾಶ್ವತ ಪರವಾನಗಿಯೋ ಒಂದು ವರ್ಷದ ಚಂದಾದಾರಿಕೆಯೋ ಎಂದು ಕೇಳಬೇಕು; ಲಿಬ್ರೆಆಫೀಸ್ ಹೇಗೂ ಉಚಿತ.

ಕಡಿಮೆ ಹಣದವರಿಗೆ ಇರುವ ಒಳ್ಳೆಯ ದಾರಿ ದೊಡ್ಡ ಕಂಪನಿಗಳ ಕಚೇರಿಗಳಲ್ಲಿ ಮೂರ್ನಾಲ್ಕು ವರ್ಷ ದುಡಿದು ಹೊರಬಂದ, ದುರಸ್ತಿಯಾದ ಯಂತ್ರಗಳು. ಥಿಂಕ್‌ಪ್ಯಾಡ್ ಟಿ480, ಲ್ಯಾಟಿಟ್ಯೂಡ್ 5490, ಎಲೈಟ್‌ಬುಕ್ 840 ಜಿ5 ಇಂಥವು 2018ರ ಹೊತ್ತಿನವು. ಮೂರರಲ್ಲೂ ರ‍್ಯಾಮ್‌ಗೆ ಎರಡು ಸ್ಲಾಟ್‌ಗಳಿವೆ, ಟಿ480ರ ಹಿಂಬದಿಯ ಬ್ಯಾಟರಿಯನ್ನಂತೂ ಸ್ಕ್ರೂಡ್ರೈವರ್ ಇಲ್ಲದೆ ಕಳಚಬಹುದು. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಪೇಟೆಗಳಲ್ಲಿ ಇವು ಹೊಸದರ ಅರ್ಧ ಬೆಲೆಗೆ ಸಿಗುತ್ತವೆ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ವಿಂಡೋಸ್ 11ಕ್ಕೆ ಇಂಟೆಲ್‌ನ 8ನೇ ತಲೆಮಾರಾದರೂ ಇರಬೇಕು. ಇಂಥ ಮಾದರಿಗಳ ಕೆಲವು ಆವೃತ್ತಿಗಳಲ್ಲಿ 7ನೇ ತಲೆಮಾರಿನ ಚಿಪ್ ಇರುವುದರಿಂದ ಐ5ರ ಮುಂದಿನ ಮೊದಲ ಅಂಕಿ 8 ಎಂಬುದನ್ನು ಕಣ್ಣಾರೆ ನೋಡಿಯೇ ಹಣ ಕೊಡಬೇಕು. ವಿಂಡೋಸ್ ತಾನೇ ತಯಾರಿಸಿಕೊಡುವ ಬ್ಯಾಟರಿ ವರದಿಯಲ್ಲಿ ಮೂಲ ಸಾಮರ್ಥ್ಯ ಮತ್ತು ಈಗ ತುಂಬುವ ಸಾಮರ್ಥ್ಯ ಎರಡೂ ಇರುತ್ತವೆ. ಎರಡನೆಯದು ಮೊದಲನೆಯದರ ಮುಕ್ಕಾಲಿಗಿಂತ ಕಡಿಮೆಯಿದ್ದರೆ ಹೊಸ ಬ್ಯಾಟರಿಯ ಬೆಲೆಯನ್ನು ಚೌಕಾಸಿಯಲ್ಲೇ ಕಳೆಯಬೇಕು.

ಹೊಸದಾಗಲಿ ಹಳೆಯದಾಗಲಿ, ಯಂತ್ರದ ಕ್ರಮಸಂಖ್ಯೆ ನಮೂದಾಗಿರುವ ಜಿಎಸ್‌ಟಿ ಬಿಲ್ ಇಲ್ಲದೆ ಕೊಳ್ಳಬಾರದು. ಪೆಟ್ಟಿಗೆಯ ಮೇಲೆ ತಯಾರಿಕೆಯ ತಿಂಗಳು ಮತ್ತು ವರ್ಷ ಇರಬೇಕೆಂಬುದು ಕಾನೂನು. ವರ್ಷ ಕಳೆದ ದಾಸ್ತಾನಾಗಿದ್ದರೆ ಬೆಲೆ ಇಳಿಸುವಂತೆ ಕೇಳಲು ಅದೇ ಆಧಾರ. ವಾರಂಟಿಯಲ್ಲಿ ತಂತ್ರಜ್ಞ ಮನೆಗೆ ಬರುತ್ತಾನೋ, ಯಂತ್ರವನ್ನು ತಾವೇ ಹೊತ್ತೊಯ್ಯಬೇಕೋ ಎಂಬುದನ್ನು, ಮನೆಗೆ ಬರುವ ಸೇವೆ ತಮ್ಮ ಪಿನ್‌ಕೋಡ್‌ಗೆ ಅನ್ವಯಿಸುತ್ತದೋ ಎಂಬುದನ್ನು ಕೊಳ್ಳುವ ಮುನ್ನವೇ ಖಚಿತಪಡಿಸಿಕೊಳ್ಳಬೇಕು. ನ್ಯಾಯ ಸಿಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ, ಆನ್‌ಲೈನಿನಲ್ಲಿ ಎಲ್ಲಿಂದ ಕೊಂಡಿದ್ದರೂ, ತಾವು ವಾಸಿಸುವ ಜಿಲ್ಲೆಯ ಆಯೋಗದಲ್ಲೇ, ಅಂದರೆ ಚಾಮರಾಜನಗರದಲ್ಲೇ, ಎರಡು ವರ್ಷದೊಳಗೆ ದೂರು ಕೊಡಬಹುದು, 5 ಲಕ್ಷ ರೂಪಾಯಿವರೆಗಿನ ಖರೀದಿಯ ದೂರಿಗೆ ಶುಲ್ಕವಿಲ್ಲ.

ಇಷ್ಟನ್ನೂ ತೂಗಿ ನೋಡಿದರೆ ತೀರ್ಪು ಕಷ್ಟವಲ್ಲ. 18 ಸಾವಿರ ರೂಪಾಯಿಯ, ಎಲ್ಲವನ್ನೂ ಬೆಸುಗೆ ಹಾಕಿದ ಹೊಸ ಯಂತ್ರ ಮೂರು ವರ್ಷಕ್ಕೆ ಮೂಲೆ ಸೇರಿದರೆ ವರ್ಷಕ್ಕೆ 6 ಸಾವಿರ ಕೊಟ್ಟಂತೆ; 36 ಸಾವಿರದ ಯಂತ್ರ ಆರು ವರ್ಷ ನಡೆದರೂ ಅಷ್ಟೇ, ಆದರೆ ಆ ಆರು ವರ್ಷ ಕೆಲಸ ಸಲೀಸಾಗಿ ಸಾಗಿರುತ್ತದೆ. 35ರಿಂದ 40 ಸಾವಿರ ಹೊಂದಿಸಬಲ್ಲವರು ಐ3-1215ಯು ಮಟ್ಟದ ಪ್ರೊಸೆಸರ್, ಖಾಲಿ ಸ್ಲಾಟಿನೊಂದಿಗೆ 8 ಜಿಬಿ ರ‍್ಯಾಮ್, 512 ಜಿಬಿ ಎಸ್‌ಎಸ್‌ಡಿ, ಫುಲ್ ಎಚ್‌ಡಿ ಐಪಿಎಸ್ ಪರದೆ ಇರುವುದನ್ನು ಕೊಳ್ಳಲಿ. 20 ಸಾವಿರದ ಆಸುಪಾಸಿನವರು ಅಗ್ಗದ ಹೊಸ ಯಂತ್ರದ ಹೊಳಪಿಗೆ ಸೋಲದೆ 8ನೇ ತಲೆಮಾರಿನ ದುರಸ್ತಿಯಾದ ಕಚೇರಿ ಯಂತ್ರವನ್ನು ಬಿಲ್ ಮತ್ತು ವಾರಂಟಿ ಸಹಿತ ಪಡೆಯಲಿ. ಎರಡೂ ಗುಂಪಿನವರು ಅಂಗಡಿಯಲ್ಲಿ ಮೊದಲು ಬೆಲೆ ಕೇಳುವ ಬದಲು ತಳದ ಮುಚ್ಚಳ ಬಿಚ್ಚಿದರೆ ಒಳಗೆ ಏನೇನು ಬದಲಿಸಬಹುದು ಎಂದು ಕೇಳಲಿ. ಅದಕ್ಕೆ ನೇರ ಉತ್ತರ ಕೊಡದ ಅಂಗಡಿಯಿಂದ ಬರಿಗೈಯಲ್ಲಿ ಬಂದರೂ ನಷ್ಟವಿಲ್ಲ.