ಭೀಮೆಯ ಹಿನ್ನೀರಲ್ಲೊಂದು ಸಫಾರಿ

ನೆಲದ ಮೇಲೂ ನೀರಿನ ಮೇಲೂ ಒಂದೇ ದಿನದಲ್ಲಿ ಸಫಾರಿ ಮಾಡಲು ಪುಣೆಯ ಧನಕವಡಿ ಬಡಾವಣೆಯವರು ಆಫ್ರಿಕಕ್ಕೇ ಹೋಗಬೇಕಿಲ್ಲ. ನಸುಕಿಗೇ ಹೊರಟು ಸೊಲ್ಲಾಪುರ ಹೆದ್ದಾರಿಯಲ್ಲಿ ನೂರು ಕಿಲೋಮೀಟರಿನಷ್ಟು ಸಾಗಿದರೆ ಭಿಗವಣ. ಉಜನಿ ಅಣೆಕಟ್ಟಿನ ಹಿನ್ನೀರು ಇಲ್ಲಿ ಹರಡಿ ನಿಂತಿದೆ. ಮುಂದೆ ನಮ್ಮ ವಿಜಯಪುರ, ಕಲಬುರಗಿ ಜಿಲ್ಲೆಗಳಿಗೆ ಇಳಿದು ಬರುವ ಭೀಮೆಯೇ ಇದು.

ಹಿನ್ನೀರಿನ ದಡದ ಕುಂಭಾರಗಾಂವದಲ್ಲಿ ದೋಣಿ ನಡೆಸುವವರು ಮೀನುಗಾರರು, ಹಕ್ಕಿ ತೋರಿಸುವವರೂ ಅವರೇ. ಅವರ ಕೈಚಳಕಕ್ಕೆ ನಾನು ಮಾರುಹೋಗಿದ್ದೇನೆ. ರಾಜಹಂಸಗಳ ಹಿಂಡು ಇನ್ನೂ ದೂರವಿರುವಾಗಲೇ ವೇಗ ತಗ್ಗಿಸಿ, ಗಳುವಿನಿಂದ ತಳ ಒತ್ತುತ್ತ, ಸೂರ್ಯ ನಮ್ಮ ಬೆನ್ನಿಗೆ ಬರುವಂತೆ ದೋಣಿಯನ್ನು ಬಳಸಿ ತರುತ್ತಾರೆ. ಹಕ್ಕಿಗಳು ಬೆದರುವುದಿಲ್ಲ. ಅವು ಕೊಕ್ಕನ್ನು ತಲೆಕೆಳಗಾಗಿ ನೀರಿಗಿಟ್ಟು, ನಾಲಿಗೆಯಿಂದ ಕೆಸರುನೀರನ್ನು ಹೊರದಬ್ಬಿ, ಆಹಾರವನ್ನಷ್ಟೇ ಸೋಸಿಕೊಳ್ಳುವುದನ್ನು ಕಣ್ತುಂಬ ನೋಡಬಹುದು.

ಮಧ್ಯಾಹ್ನದ ಮೇಲೆ ಕಡಬನವಾಡಿಯ ಹುಲ್ಲುಗಾವಲು. ಚಿಂಕಾರ, ನರಿ, ಅದೃಷ್ಟವಿದ್ದರೆ ತೋಳ. ಬರಡು ನೆಲವೆಂದು ಜನ ಕಡೆಗಣಿಸುವ ಈ ಹುಲ್ಲೇ ಅವುಗಳ ಮನೆ. ದಟ್ಟ ಕಾಡಿಗಿಂತ ಅದರ ಬೆಲೆ ಕಡಿಮೆಯೇನಲ್ಲ.

ಹಕ್ಕಿ ನೋಡಲು ಚಳಿಗಾಲವೇ ಸರಿ. ಹೋದಾಗ, ಫೋಟೊಗಾಗಿ ಹಿಂಡನ್ನು ಹಾರಿಸಿ ಎಂದು ದೋಣಿಯವರನ್ನು ದಯವಿಟ್ಟು ಒತ್ತಾಯಿಸಬೇಡಿ.